ಅಣ್ಣ ಕಳಿಸಿದ ರೆಸ್ಯೂಮೆ

ನನ್ನ ಕೆಲಸವೇ ರೆಸ್ಯೂಮೆ ಓದೋದು. ಬೆಂಗಳೂರಿನ ಒಂದು ಕಂಪನಿಯಲ್ಲಿ ಎಚ್‌ಆರ್. ಎಷ್ಟು ಓದಿದ್ದೀನಿ ಅಂದ್ರೆ, ಮೊದಲ ನಾಲ್ಕು ಸಾಲು ನೋಡಿದರೆ ಸಾಕು, ಈ ಮನುಷ್ಯ ಸಂಬಳಕ್ಕಾಗಿ ಕೆಲಸ ಬಿಡ್ತಿದ್ದಾನೋ, ಮ್ಯಾನೇಜರ್ ಕಾಟಕ್ಕೆ ಬಿಡ್ತಿದ್ದಾನೋ ಅಂತ ಅಂದಾಜು ಸಿಕ್ಕಿಬಿಡುತ್ತೆ.

2022ರ ಫೆಬ್ರವರಿಯಲ್ಲಿ ಒಂದು ರಾತ್ರಿ, ಹನ್ನೊಂದೂವರೆಗೆ, ವಾಟ್ಸ್‌ಆ್ಯಪ್‌ಗೆ ಒಂದು ವರ್ಡ್ ಫೈಲ್ ಬಂತು. ಕೆಳಗೆ ಒಂದೇ ಮಾತು: "ತಂಗಿ, ಇದನ್ನ ಸ್ವಲ್ಪ ಸರಿ ಮಾಡಿ ಕೊಡು. ಅವ್ವಗ ಹೇಳಬ್ಯಾಡ."

ಕಳಿಸಿದವನು ನನ್ನ ಅಣ್ಣ. ಅಣ್ಣ ಕಥೋಲಿಕ ಪಾದ್ರಿ.

ಫೈಲ್ ತೆರೆದೆ. ಹೆಸರು, ಹುಟ್ಟಿದ ದಿನಾಂಕ, ತತ್ವಶಾಸ್ತ್ರದಲ್ಲಿ ಪದವಿ, ದೇವಶಾಸ್ತ್ರದಲ್ಲಿ ಪದವಿ. 'ಅನುಭವ' ಅನ್ನೋ ಕಡೆ ಒಂದೇ ಸಾಲು: ಧರ್ಮಕೇಂದ್ರದ ಗುರು, ಹತ್ತು ವರ್ಷ. ಅದರ ಕೆಳಗೆ ಇಡೀ ಪುಟ ಖಾಲಿ.

ಆ ಖಾಲಿ ಪುಟ ನೋಡಿ ಆ ರಾತ್ರಿ ನಿದ್ದೆ ಬರಲಿಲ್ಲ. ಈ ವಾರ ಅದರ ಬಗ್ಗೆಯೇ ಬರೀತಿದ್ದೀನಿ. ಬರೆದದ್ದನ್ನು ಅಣ್ಣನಿಗೆ ಓದಿಸಿದೆ. "ಊರಿನ ಹೆಸರು ಬ್ಯಾಡ, ಉಳಿದದ್ದೆಲ್ಲಾ ಖರೆ ಐತಿ, ಹಾಕು" ಅಂದ.

ನಮ್ಮದು ಬೈಲಹೊಂಗಲ ತಾಲ್ಲೂಕಿನ ಒಂದು ಹಳ್ಳಿ. ಆಫೀಸಿನಲ್ಲಿ ಇದನ್ನ ಹೇಳಿದಾಗಲೆಲ್ಲ ಎದುರಿನವರು ಒಂದು ಕ್ಷಣ ತಡೀತಾರೆ. ಕಥೋಲಿಕರು ಅಂದ್ರೆ ಮಂಗಳೂರು ಅಥವಾ ಗೋವಾ ಇರಬೇಕು ಅನ್ನೋದು ಅವರ ಲೆಕ್ಕ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಊರಿಗೆ ಹತ್ತೋ ಇಪ್ಪತ್ತೋ ಮನೆ ನಮ್ಮವರಿದ್ದೇವೆ. ಮಾತು ಕನ್ನಡ, ಊಟ ಜೋಳದ ರೊಟ್ಟಿ, ಕ್ರಿಸ್‌ಮಸ್‌ಗೆ ಮನೆಯಲ್ಲಿ ಕರಿಗಡಬು. ಬೆಳಗಾವಿ ಧರ್ಮಪ್ರಾಂತ್ಯ ಶುರುವಾಗಿದ್ದು 1953ರ ಸೆಪ್ಟೆಂಬರ್ 19ಕ್ಕೆ. ಹಾಗಾಗಿ ನಮ್ಮ ಅಜ್ಜನ ಕಾಲದವರಿಗೆ ಅದು ಕಣ್ಣೆದುರೇ ಹುಟ್ಟಿದ ಸಂಸ್ಥೆ. ಇಂಥಾ ಹಳ್ಳಿಯಿಂದ ಒಬ್ಬ ಹುಡುಗ ಗುರುಮಠಕ್ಕೆ ಹೋಗಿ ಪಾದ್ರಿಯಾಗಿ ಬಂದರೆ, ಅವನು ಒಂದು ಮನೆಯ ಮಗ ಅಲ್ಲ. ಇಡೀ ಓಣಿಯ ಮಗ.

ಅಣ್ಣನ ಗುರುದೀಕ್ಷೆ ಆಗಿದ್ದು 2012ರಲ್ಲಿ. ಎಸ್ಸೆಸ್ಸೆಲ್ಸಿ ಮುಗಿಸಿ ಹೋದವನು, ಹನ್ನೆರಡು ವರ್ಷ ಓದಿ, ಇಪ್ಪತ್ತೆಂಟನೇ ವಯಸ್ಸಿಗೆ ಬಿಳಿ ನಿಲುವಂಗಿ ಹಾಕಿಕೊಂಡು ಊರಿಗೆ ಬಂದ. ಟ್ರ್ಯಾಕ್ಟರ್‌ ಮೇಲೆ ಮೆರವಣಿಗೆ, ಡೊಳ್ಳು, ಲಿಂಗಾಯತರ ಮನೆಯವರು, ಮುಸಲ್ಮಾನರ ಮನೆಯವರು ಎಲ್ಲರೂ ಹಾರ ಹಾಕಿದರು. ಅವತ್ತು ಸಂಜೆ ಅವ್ವ ಅಡುಗೆಮನೆ ಬಾಗಿಲಲ್ಲಿ ನಿಂತು ಕರೆದಳು: "ಸ್ವಾಮಿ, ಊಟಕ್ಕ ಬರ್ರಿ."

ಹೆತ್ತ ಮಗನಿಗೆ 'ಬರ್ರಿ'.

ಆಗ ನನಗೆ ನಗು ಬಂತು. ಅಣ್ಣನಿಗೂ ಬಂತು. ಆದರೆ ಅವತ್ತಿನಿಂದ ಅವ್ವ ಒಂದು ದಿನವೂ ಅವನನ್ನ ಏಕವಚನದಲ್ಲಿ ಕರೀಲಿಲ್ಲ. ಸೋದರಮಾವ ಕರೀಲಿಲ್ಲ, ಜೊತೆಗೆ ಗೋಲಿ ಆಡಿದ ಗೆಳೆಯರೂ ಕರೀಲಿಲ್ಲ. ಎಲ್ಲರಿಗೂ ಅವನು 'ಫಾದರ್'. ಉಳಿದದ್ದು ಇಬ್ಬರೇ: ನಾನು ಮತ್ತು ಅಪ್ಪ. ಅಪ್ಪ ಮಾತ್ರ ಫೋನ್ ಎತ್ತಿದರೆ, "ಲೇ ತಮ್ಮಾ, ಉಂಡೀಯೇನಲೇ?" ಅಂತಲೇ ಶುರು ಮಾಡ್ತಿದ್ದ.

ಇದು ಸಣ್ಣ ಸಂಗತಿ ಅಂತ ಅನಿಸಬಹುದು. ನನಗೂ ಹಾಗೇ ಅನಿಸಿತ್ತು.

2019ರ ಆಗಸ್ಟ್‌ನಲ್ಲಿ ಮಲಪ್ರಭಾ ಉಕ್ಕಿ ಬಂತು. ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಟ್ಟರು, ರಾಮದುರ್ಗ ತಾಲ್ಲೂಕಿನ ನದಿ ದಂಡೆಯ ಊರುಗಳಿಗೆ ನೀರು ನುಗ್ಗಿತು. ಅಣ್ಣ ಆಗ ಆ ಭಾಗದಲ್ಲೇ ಇದ್ದ. ಶಾಲೆಯ ಕೋಣೆಗಳಲ್ಲಿ ಜನ ಮಲಗಿದ್ದರು, ಇವನು ಅನ್ನದ ಹಂಡೆ ಹೊರ್ತಿದ್ದ. ನೀರು ಇಳಿದ ಮೇಲೆ ಬಿದ್ದ ಮನೆಗಳ ಪರಿಹಾರಕ್ಕೆ ಜನರ ಅರ್ಜಿ ಬರೆಯೋ ಕೆಲಸ. ಕೈಮಗ್ಗದ ಗುಂಡಿಗೆ ಕೆಸರು ತುಂಬಿ ಕೂತ ನೇಕಾರರ ಜೊತೆ ತಹಸೀಲ್ದಾರ್ ಕಚೇರಿಗೆ ತಿರುಗಿದ್ದಕ್ಕೆ ಲೆಕ್ಕವಿಲ್ಲ.

ಅದು ಮುಗಿಯೋದರೊಳಗೆ ಕೊರೊನಾ. 2020ರ ಪವಿತ್ರ ಗುರುವಾರ ಬಂದಿದ್ದು ಏಪ್ರಿಲ್ 9ಕ್ಕೆ, ಲಾಕ್‌ಡೌನ್ ನಡುವೆ. ಖಾಲಿ ಬೆಂಚುಗಳ ಮುಂದೆ ಒಬ್ಬನೇ ಬಲಿಪೂಜೆ ಮಾಡಿದ, ಮೊಬೈಲ್‌ನಲ್ಲಿ ಲೈವ್ ಹಾಕಿದ. ಮುಂದಿನ ವರ್ಷ ಎರಡನೇ ಅಲೆ. ಆ ಮೇ ತಿಂಗಳು ಅವನು ಪಿಪಿಇ ಕಿಟ್ ಹಾಕಿಕೊಂಡು ಎಷ್ಟೋ ಜನರನ್ನ ಮಣ್ಣು ಮಾಡಿದ. ಅದರಲ್ಲಿ ನಮ್ಮ ಅಪ್ಪನೂ ಒಬ್ಬ.

ನಾನು ಬೆಂಗಳೂರಿನಿಂದ ಹೋಗೋಕೆ ಆಗಲಿಲ್ಲ. ವಿಡಿಯೊ ಕಾಲ್‌ನಲ್ಲಿ ನೋಡಿದೆ. ನಾಲ್ಕು ಜನ, ನಡುವೆ ಅಣ್ಣ, ಕೈಯಲ್ಲಿ ಪುಸ್ತಕ. ಪ್ರಾರ್ಥನೆ ಒಂದು ಕಡೆಯೂ ತಪ್ಪಲಿಲ್ಲ. ಮುಗಿದ ಮೇಲೆ ಚಿಕ್ಕಪ್ಪ ಅವನ ಹೆಗಲಿಗೆ ಒರಗಿ ಅತ್ತ. ಅತ್ತೆ ಅತ್ತಳು. ಅವ್ವ ಅವನ ಕೈ ಹಿಡಿದು, "ಸ್ವಾಮಿ, ನೀವ ಧೈರ್ಯ ಹೇಳ್ರಿ" ಅಂದಳು. ಅವನು ಎಲ್ಲರಿಗೂ ಧೈರ್ಯ ಹೇಳಿದ. ಮರುದಿನ ಇನ್ನೊಂದು ಊರಿಗೆ, ಇನ್ನೊಂದು ಹೆಣಕ್ಕೆ ಹೋದ.

ಅವನ ಅಪ್ಪನೂ ಸತ್ತಿದ್ದಾನೆ ಅನ್ನೋದು ಯಾರಿಗೂ ಹೊಳೀಲಿಲ್ಲ. ನನಗೂ ಹೊಳೀಲಿಲ್ಲ. ನಾನೂ ಫೋನ್ ಮಾಡಿ ಅವನ ಹತ್ತಿರವೇ ಅತ್ತೆ.

ಅದೇ ವರ್ಷದ ಡಿಸೆಂಬರ್‌ನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ. ಮತಾಂತರ ನಿಷೇಧ ಮಸೂದೆ 23ನೇ ತಾರೀಕು ವಿಧಾನಸಭೆಯಲ್ಲಿ ಪಾಸಾಯಿತು. ಆ ತಿಂಗಳಲ್ಲೇ ಬೆಳಗಾವಿ ನಗರದ ಒಂದು ಚರ್ಚ್ ಆವರಣದಲ್ಲಿ ಕತ್ತಿ ಹಿಡಿದವನೊಬ್ಬ ಅಲ್ಲಿನ ಪಾದ್ರಿಯ ಬೆನ್ನಟ್ಟಿದ ಸಿಸಿಟಿವಿ ವಿಡಿಯೊ ಎಲ್ಲರ ಫೋನಿಗೂ ಬಂತು. ಅವ್ವ ಅದನ್ನ ನೋಡಿ ಮೂರು ದಿನ ಸರಿಯಾಗಿ ಉಣಲಿಲ್ಲ. ಅಣ್ಣನಿಗೆ ಅದಕ್ಕಿಂತ ಚುಚ್ಚಿದ್ದು ಬೇರೆ. ದಿನಾ ಚಹಾ ಕುಡಿಯೋ ಅಂಗಡಿಯವನು ಒಂದಿನ ಲೋಟ ಕೊಡ್ತಾ ಕೇಳಿದನಂತೆ: "ಫಾದರ್, ತಪ್ಪು ತಿಳೀಬ್ಯಾಡ್ರಿ, ನೀವೂ ಆ ಕೆಲಸಾ ಮಾಡ್ತೀರೇನ್ರಿ?" ಮಹಾಪೂರದಲ್ಲಿ ಅದೇ ಮನುಷ್ಯನ ಮುದುಕಿ ತಾಯಿಯನ್ನ ಅಣ್ಣ ಎತ್ತಿಕೊಂಡು ಬಂದಿದ್ದ.

ಇದೆಲ್ಲ ಆದ ಎರಡು ತಿಂಗಳಿಗೆ ಬಂದಿದ್ದು ಆ ವರ್ಡ್ ಫೈಲ್.

ಮರುದಿನ ಬೆಳಗ್ಗೆ ಫೋನ್ ಮಾಡಿದೆ. "ಯಾಕಣ್ಣಾ? ಹೆದರಿಕಿ ಆಗೇತೇನ?"

"ಹೆದರಿಕಿ ಅಲ್ಲ" ಅಂದ. "ಸಾಕಾಗೇತಿ. ಪ್ರಾರ್ಥನಾ ಮಾಡಾಕ ಕುಂತ್ರ ಬಾಯಷ್ಟ ಮಾತಾಡತೈತಿ. ಯಾರಾರ ಬಂದು ಕಷ್ಟ ಹೇಳಿದ್ರ ಕಿವಿ ಕೇಳಸತೈತಿ, ಎದಿ ಮುಟ್ಟೂದಿಲ್ಲ. ಇಂಥಾವ ಅಲ್ಲಿ ನಿಂತು ಏನ್ ಮಾಡೂದು?"

ನಾವು ಇದಕ್ಕೆ ಬರ್ನ್‌ಔಟ್ ಅಂತೀವಿ. ನಮ್ಮ ಕಂಪನಿಯಲ್ಲಿ ಅದಕ್ಕೆ ರಜೆ ಇದೆ, ಹೆಲ್ಪ್‌ಲೈನ್ ಇದೆ, ಎಂಟು ಸ್ಲೈಡ್‌ನ ಒಂದು ಪಿಪಿಟಿಯೂ ಇದೆ. ಅದನ್ನ ಮಾಡಿದವಳು ನಾನೇ. ಅಣ್ಣನ ಮುಂದೆ ಒಂದು ಸ್ಲೈಡೂ ನೆನಪಿಗೆ ಬರಲಿಲ್ಲ.

'ಬಿಡು' ಅನ್ನೋಕೂ ಆಗಲಿಲ್ಲ, 'ಇರು' ಅನ್ನೋಕೂ ಆಗಲಿಲ್ಲ. ಅವನ ಜೊತೆ ಓದಿದ ಒಬ್ಬರು ಕೆಲ ವರ್ಷಗಳ ಹಿಂದೆ ರೋಮ್‌ಗೆ ಅರ್ಜಿ ಹಾಕಿ, ಅನುಮತಿ ಪಡೆದು ಗುರುಪಟ್ಟದಿಂದ ಹೊರಬಂದರು. ಈಗ ಹೆಂಡತಿ, ಮಗಳು, ಒಂದು ಟ್ಯೂಷನ್ ಕ್ಲಾಸ್. ತುಂಬಾ ಒಳ್ಳೆಯ ಮನುಷ್ಯ. ಬಿಟ್ಟವರು ಸೋತವರು, ಇದ್ದವರು ಗೆದ್ದವರು ಅಂತ ಹೇಳೋ ಅಂಕಣ ಇದಲ್ಲ.

ಹಾಗಾಗಿ ನನಗೆ ಬರೋ ಕೆಲಸವನ್ನೇ ಮಾಡಿದೆ. ರೆಸ್ಯೂಮೆ ತಿದ್ದೋಕೆ ಕೂತೆ. ಎಲ್ಲ ಅಭ್ಯರ್ಥಿಗಳಿಗೂ ಕೇಳೋ ಹಾಗೆ ಕೇಳಿದೆ: "ಹತ್ತು ವರ್ಷ ಏನೇನು ಮಾಡಿದಿ, ಒಂದೊಂದಾಗಿ ಹೇಳು."

ನಕ್ಕ. "ಏನ್ ಬರೀತಿ? ಹೆಣ ಹೂಳೂದು, ಜಗಳ ಬಿಡಸೂದು, ರೇಷನ್ ಕಾರ್ಡಿನ ಅರ್ಜಿ ತುಂಬೂದು."

"ಬರೀತೀನಿ. ಹೇಳು."

ಹದಿನೈದು ದಿನ, ರಾತ್ರಿ ಅರ್ಧರ್ಧ ತಾಸು ಹೇಳಿದ. ನಾನು ಟೈಪ್ ಮಾಡಿದೆ. ಕುಡಿದು ಬಂದು ಹೆಂಡತಿಗೆ ಹೊಡೀತಿದ್ದವನ ಮನೆಗೆ ಒಂದು ವರ್ಷ ದಿನಾ ಸಂಜೆ ಹೋಗಿ ಕೂತದ್ದು. ಸವದತ್ತಿ ಕಡೆಯ ಒಬ್ಬ ಹುಡುಗಿಯನ್ನ ಹಾಸ್ಟೆಲ್‌ಗೆ ಸೇರಿಸಿ, ಅವಳು ನರ್ಸಿಂಗ್ ಮುಗಿಸೋವರೆಗೂ ಫೀಸಿಗೆ ತಿರುಗಿದ್ದು. ಐಸಿಯು ಹೊರಗೆ ರಾತ್ರಿಯೆಲ್ಲ ಕೂತು, ಒಳಗಿದ್ದವನ ಮಗನಿಗೆ ಕಾರ್ಡ್ಸ್ ಆಟ ಕಲಿಸಿದ್ದು. ಇದನ್ನೆಲ್ಲ 'ಸ್ಕಿಲ್ಸ್' ಅನ್ನೋ ಕಾಲಮ್ಮಿಗೆ ಹೇಗೆ ಹಾಕಬೇಕೋ ತಿಳೀಲಿಲ್ಲ. ಪುಟ ಮಾತ್ರ ತುಂಬ್ತಾ ಹೋಯಿತು.

ಒಂದು ರಾತ್ರಿ, ಅಪ್ಪನ ಮಣ್ಣಿನ ದಿನ ಬಂದಾಗ, ಅಣ್ಣ ಹೇಳೋದು ನಿಲ್ಲಿಸಿದ. ಬಹಳ ಹೊತ್ತು ಏನೂ ಮಾತಿಲ್ಲ. ಆಮೇಲೆ ಅತ್ತ. ಹತ್ತು ತಿಂಗಳಾದ ಮೇಲೆ ಮೊದಲ ಸಲ. ನಾನು ಫೋನ್ ಹಿಡಿದುಕೊಂಡು ಸುಮ್ಮನೆ ಕೂತಿದ್ದೆ.

"ನನ್ನ 'ಲೇ' ಅನ್ನಾವ್ರು ಯಾರೂ ಇಲ್ಲಲೇ" ಅಂದ.

ಆ ತಪಸ್ಸುಕಾಲದಲ್ಲಿ, ಅಂದ್ರೆ ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳ ಉಪವಾಸದ ಕಾಲದಲ್ಲಿ, ಅವನು ಒಬ್ಬ ಹಿರಿಯ ಗುರುಗಳ ಹತ್ತಿರ ಹೋಗಿ ಎಲ್ಲ ಹೇಳಿದ. ಅವರು ಉಪದೇಶ ಮಾಡಲಿಲ್ಲವಂತೆ. "ಮೊದಲ ನಿದ್ದಿ ಮಾಡು. ಡಾಕ್ಟರ್ ಕಡೆ ಹೋಗು. ಬಿಡೂದಿದ್ರ ಬಿಡುವಂತಿ, ಆದ್ರ ಕತ್ತಲಾಗ ನಿಂತು ನಿರ್ಧಾರ ಮಾಡಬ್ಯಾಡ" ಅಂದರಂತೆ. ಇದು ಯೇಸುಸಭೆ ಕಟ್ಟಿದ ಇಗ್ನೇಷಿಯಸ್ ಲೊಯೋಲ ಹದಿನಾರನೇ ಶತಮಾನದಲ್ಲೇ ಹೇಳಿದ ಮಾತು: ಮನಸ್ಸು ಬರಡಾಗಿರುವಾಗ, ಬೆಳಕಿದ್ದಾಗ ಮಾಡಿದ ನಿರ್ಧಾರವನ್ನ ಬದಲಿಸಬಾರದು. ರಾತ್ರಿ ಹನ್ನೊಂದೂವರೆಗೆ ರಾಜೀನಾಮೆ ಮೇಲ್ ಟೈಪ್ ಮಾಡೋ ನಮ್ಮೆಲ್ಲರಿಗೂ ಇದು ಅನ್ವಯಿಸುತ್ತೆ ಅಂತ ನನಗೆ ಅನಿಸುತ್ತೆ.

ಅವರೇ ಇನ್ನೊಂದು ನೆನಪು ಮಾಡಿಕೊಟ್ಟರಂತೆ. ಜಗತ್ತಿನ ಎಲ್ಲ ವಿಚಾರಣಾ ಗುರುಗಳ ಪಾಲಕ ಸಂತ ಜಾನ್ ಮರಿಯ ವಿಯಾನ್ನಿ. ಫ್ರಾನ್ಸ್‌ನ ಆರ್ಸ್ ಅನ್ನೋ ಹಳ್ಳಿಗೆ 1818ರಲ್ಲಿ ಬಂದವರು, 1859ರಲ್ಲಿ ಸಾಯೋವರೆಗೂ ಅಲ್ಲೇ ಇದ್ದರು. ಆದರೆ ನಡುವೆ ಒಂದಕ್ಕಿಂತ ಹೆಚ್ಚು ಸಲ ಊರು ಬಿಟ್ಟು ಓಡಿಹೋಗೋಕೆ ನೋಡಿದ್ದರು! 1853ರಲ್ಲಿ ರಾತ್ರೋರಾತ್ರಿ ಹೊರಟಾಗ ಊರಿನವರು ಗಂಟೆ ಬಾರಿಸಿ, ದಾರಿಗೆ ಅಡ್ಡ ನಿಂತು ವಾಪಸ್ ಕರೆತಂದರು. ಅಣ್ಣ ಗುರುಮಠದಲ್ಲಿದ್ದಾಗಲೇ, ಆ ಸಂತರ 150ನೇ ಪುಣ್ಯತಿಥಿಯ ನೆನಪಿಗೆ 2009-10ನ್ನು ಪೋಪ್ 16ನೇ ಬೆನೆಡಿಕ್ಟ್ 'ಗುರುಗಳ ವರ್ಷ' ಅಂತ ಸಾರಿದ್ದರು. "ಆಗ ಇದನ್ನ ಓದಿ ನಕ್ಕಿದ್ವಿ" ಅಂದ ಅಣ್ಣ.

ಏಪ್ರಿಲ್‌ನಲ್ಲಿ ನಾನು ರಜೆ ಹಾಕಿ ಊರಿಗೆ ಹೋದೆ. ಪವಿತ್ರ ವಾರದಲ್ಲಿ ಬೆಳಗಾವಿಯ ಕ್ಯಾಂಪ್‌ನಲ್ಲಿರುವ ಫಾತಿಮಾ ಪ್ರಧಾನಾಲಯದಲ್ಲಿ ಧರ್ಮಪ್ರಾಂತ್ಯದ ಗುರುಗಳೆಲ್ಲ ಸೇರೋ ಒಂದು ಬಲಿಪೂಜೆ ಇರುತ್ತೆ. ಅದಕ್ಕೆ ಕ್ರಿಸ್ಮಾ ಬಲಿಪೂಜೆ ಅಂತಾರೆ. ವರ್ಷಪೂರ್ತಿ ಬೇಕಾಗೋ ಮೂರು ತೈಲಗಳನ್ನ ಧರ್ಮಾಧ್ಯಕ್ಷರು ಅಲ್ಲೇ ಪವಿತ್ರ ಮಾಡೋದು: ರೋಗಿಗಳಿಗೆ ಒಂದು, ದೀಕ್ಷಾಸ್ನಾನಕ್ಕೆ ಸಿದ್ಧವಾಗೋರಿಗೆ ಒಂದು, ಸುಗಂಧ ಬೆರೆಸಿದ ಕ್ರಿಸ್ಮಾ ಇನ್ನೊಂದು. ಅದೇ ಪೂಜೆಯಲ್ಲಿ ಗುರುಗಳು ದೀಕ್ಷೆಯ ದಿನ ಕೊಟ್ಟ ಮಾತನ್ನ ಮತ್ತೆ ಕೊಡಬೇಕು.

"ಬರ್ತೀಯೇನ?" ಅಂದ. ಹೋಗ್ತಾನೋ ಇಲ್ಲವೋ ಅಂತ ಅವನಿಗೇ ಖಾತ್ರಿ ಇರಲಿಲ್ಲ. "ಅವ್ವನ್ನೂ ಕರ್ಕೊಂಡು ಹೋಗೂಣು" ಅಂದೆ.

ಪರಿಚಯದವರ ಕಾರು. ಎರಡೂ ಕಡೆ ಕಪ್ಪು ಎರೆ ಹೊಲ, ಜೋಳ ಕೊಯ್ದ ಕೂಳೆ. ದೇಶನೂರಿನ ದಾರಿ ಬಂದಾಗ ಅಣ್ಣ ಕಿಟಕಿಯಾಚೆ ನೋಡಿದ. ಆ ಊರಿನಲ್ಲಿ ಯೇಸುಸಭೆಯವರ ಒಂದು ಮಠ ಇದೆ, ಸ್ನಾನಿಕ ಅರುಳಪ್ಪನವರ ಹೆಸರಿನ ವಿರಕ್ತಮಠ. ಅರುಳಪ್ಪ ಅಂದ್ರೆ ಯೊವಾನ್ನ. ಅಲ್ಲಿನ ಗುರುಗಳು ಈ ನೆಲದ ಸ್ವಾಮಿಗಳ ಹಾಗೆ ಕಾವಿ ಉಟ್ಟು, ಸಸ್ಯಾಹಾರಿಗಳಾಗಿ ಬದುಕಿದವರು.

"ಪಾದ್ರಿಗೊಳು ಯಾಕ ಲಗ್ನ ಆಗೂದಿಲ್ಲ ಅಂತ ಪ್ಯಾಟ್ಯಾಗ ಕೇಳ್ತಾರ" ಅಂದ ಅಣ್ಣ. "ನಮ್ಮ ಕಡೆ ಯಾರೂ ಕೇಳೂದಿಲ್ಲ. ವಿರಕ್ತ ಅಂದ್ರ ಸಾಕು. ಆದ್ರ ವಿರಕ್ತಗ ಒಬ್ಬಂಟಿ ಅನಸತೈತಿ ಅನ್ನೂದನ್ನೂ ಯಾರೂ ಕೇಳೂದಿಲ್ಲ."

ಹಿಂದಿನ ಸೀಟಿನಲ್ಲಿ ಅವ್ವ ಸುಮ್ಮನೆ ಜಪಮಾಲೆ ಎಣಿಸ್ತಾ ಇದ್ದಳು. ಅಥವಾ ಹಾಗೆ ಕಾಣಿಸ್ತಾ ಇದ್ದಳು.

ಪ್ರಧಾನಾಲಯ ತುಂಬಿತ್ತು. ಕನ್ನಡ, ಕೊಂಕಣಿ, ಮರಾಠಿ ಮಾತಾಡೋ ಜನ. ಬಿಳಿ ಉಡುಪಿನ ಗುರುಗಳ ಸಾಲು. ಪ್ರಬೋಧನೆ ಮುಗಿದ ಮೇಲೆ ಧರ್ಮಾಧ್ಯಕ್ಷರು ಎದ್ದು ಗುರುಗಳಿಗೆ ಮೂರು ಪ್ರಶ್ನೆ ಕೇಳಿದರು. ಅವತ್ತು ಕೊಟ್ಟ ಮಾತನ್ನ ಮತ್ತೆ ಕೊಡೋಕೆ ಸಿದ್ಧರಿದ್ದೀರಾ. ಸ್ವಂತದ್ದನ್ನ ಬಿಟ್ಟು ಕ್ರಿಸ್ತನಿಗೆ ಇನ್ನೂ ಹತ್ತಿರವಾಗ್ತೀರಾ. ಲಾಭದ ಆಸೆ ಇಲ್ಲದೆ ಜನರ ಸೇವೆ ಮಾಡ್ತೀರಾ. ಪ್ರತಿ ಪ್ರಶ್ನೆಗೂ ಗುರುಗಳೆಲ್ಲ ಒಟ್ಟಿಗೆ ಹೌದು ಅಂದರು.

ನಾನು ಅಣ್ಣನ ತುಟಿಯನ್ನೇ ನೋಡ್ತಿದ್ದೆ. ಮೊದಲ ಪ್ರಶ್ನೆಗೆ ಅಲುಗಲಿಲ್ಲ. ಎರಡನೆಯದಕ್ಕೂ ಇಲ್ಲ. ಮೂರನೆಯದಕ್ಕೆ ಅಲುಗಿತು.

ಆಮೇಲೆ ನಾನು ನಿರೀಕ್ಷಿಸದ ಒಂದು ಘಟ್ಟ ಬಂತು. ಚಿಕ್ಕವಳಿದ್ದಾಗಿಂದ ಚರ್ಚಿಗೆ ಹೋದವಳಾದರೂ ಈ ಪೂಜೆಗೆ ಹೋಗಿರಲಿಲ್ಲ. ಧರ್ಮಾಧ್ಯಕ್ಷರು ಗುರುಗಳನ್ನ ಬಿಟ್ಟು ನಮ್ಮ ಕಡೆ ತಿರುಗಿದರು. ನಿಮ್ಮ ಗುರುಗಳಿಗಾಗಿ ಪ್ರಾರ್ಥಿಸಿ ಅಂತ ಕೇಳಿದರು. ನನಗಾಗಿಯೂ ಪ್ರಾರ್ಥಿಸಿ ಅಂದರು. ಇದು ಅವರ ಸ್ವಂತ ಮಾತಲ್ಲ, ವಿಧಿಯಲ್ಲೇ ಇದೆ. ಅಂದ್ರೆ ಈ ಮಾತನ್ನ ಅವರು ಒಬ್ಬರೇ ಉಳಿಸಿಕೊಳ್ಳೋಕೆ ಆಗಲ್ಲ ಅಂತ ವಿಧಿಗೇ ಗೊತ್ತಿದೆ.

ಆಮೇಲೆ ಓದಿ ತಿಳಿದುಕೊಂಡೆ: ಗುರುಗಳು ಹೀಗೆ ವರ್ಷ ವರ್ಷ ಮಾತನ್ನ ಹೊಸದು ಮಾಡೋದು ಪುರಾತನ ಪದ್ಧತಿಯೇನಲ್ಲ. ಪೋಪ್ 6ನೇ ಪೌಲ್ ಕಾಲದಲ್ಲಿ, 1970ರಲ್ಲಿ ಪೂಜಾವಿಧಿಗೆ ಸೇರಿದ್ದು. ಎರಡನೇ ವ್ಯಾಟಿಕನ್ ಮಹಾಸಭೆ ಮುಗಿದು ಐದು ವರ್ಷ. ಯುರೋಪ್, ಅಮೆರಿಕಗಳಲ್ಲಿ ಸಾವಿರಾರು ಪಾದ್ರಿಗಳು ಗುರುಪಟ್ಟ ಬಿಡ್ತಿದ್ದ ಹೊತ್ತು ಅದು. ಕಷ್ಟದ ಕಾಲದಲ್ಲೇ ಹುಟ್ಟಿದ ವಿಧಿ.

ಪೂಜೆ ಮುಗಿದು ಹೊರಗೆ ಬಂದಾಗ ಅಣ್ಣನ ಕೈಯಲ್ಲಿ ಮೂರು ಸಣ್ಣ ಬಾಟಲಿ, ಅವನ ಧರ್ಮಕೇಂದ್ರಕ್ಕೆ ಒಯ್ಯೋ ತೈಲ. ಬಿಸಿಲು. ಜನ ಬಂದು ಫಾದರ್ ಫಾದರ್ ಅಂತ ಕೈ ಮುಗೀತಿದ್ದರು. ಅವ್ವ ಗುಂಪು ಸರಿಸಿಕೊಂಡು ಬಂದಳು, ಅವನ ಮುಖವನ್ನೇ ನೋಡಿದಳು.

"ಮುಂಜಾನಿಂದ ಏನೂ ತಿಂದಿಲ್ಲ. ಮಾರಿ ನೋಡು ಹೆಂಗಾಗೇತಿ. ಬಾರಲೇ ತಮ್ಮಾ, ರೊಟ್ಟಿ ತಂದೀನಿ."

ಹತ್ತು ವರ್ಷದ ಮೇಲೆ.

ನಾನು ಅವ್ವನಿಗೆ ಏನೂ ಹೇಳಿರಲಿಲ್ಲ. ಇವತ್ತಿಗೂ ಹೇಳಿಲ್ಲ. ಅವಳೂ ಕೇಳಿಲ್ಲ. ಕಾರಿನ ಬಾಗಿಲು ತೆರೆದು, ಬುತ್ತಿ ಬಿಚ್ಚಿ, ಶೇಂಗಾ ಚಟ್ನಿ ಮೊಸರು ಹಾಕಿ ಕೊಟ್ಟಳು. ಅಣ್ಣ ತೈಲದ ಬಾಟಲಿಗಳನ್ನ ನನ್ನ ಕೈಗೆ ಕೊಟ್ಟು, ಮೂರು ರೊಟ್ಟಿ ತಿಂದ.

ಅವತ್ತಿನಿಂದ ಎಲ್ಲ ಸರಿಹೋಯಿತು ಅಂತ ಹೇಳಿದರೆ ಸುಳ್ಳಾಗುತ್ತೆ. ಅವನು ಮೂರು ತಿಂಗಳು ರಜೆ ಕೇಳಿದ, ಸಿಕ್ಕಿತು. ಹುಬ್ಬಳ್ಳಿಯಲ್ಲಿ ಒಬ್ಬ ಆಪ್ತಸಮಾಲೋಚಕರ ಹತ್ತಿರ ತಿಂಗಳಿಗೊಮ್ಮೆ ಹೋಗ್ತಾನೆ. ಈಗಲೂ ಕೆಲವು ದಿನ ಪ್ರಾರ್ಥನೆ ಬರೀ ಬಾಯಿಯದ್ದೇ. ಚಹಾ ಅಂಗಡಿಗೆ ಮತ್ತೆ ಹೋಗೋಕೆ ಶುರು ಮಾಡಿದ್ದಾನೆ. ಅಂಗಡಿಯವನು ಆ ಪ್ರಶ್ನೆ ವಾಪಸ್ ತಗೊಂಡಿಲ್ಲ, ಆದರೆ ಚಹಾಕ್ಕೆ ದುಡ್ಡೂ ತಗೊಳ್ಳೋದಿಲ್ಲ. ಎಲ್ಲಕ್ಕಿಂತ ದೊಡ್ಡ ಬದಲಾವಣೆ ಅಂದ್ರೆ, ಅವನಿಗೆ ಈಗ ದಿನಾ ರಾತ್ರಿ ಒಂದು ಫೋನ್ ಹೋಗುತ್ತೆ. ಒಂದಿನ ನಾನು, ಒಂದಿನ ಅವ್ವ. "ಉಂಡೀಯೇನಲೇ?"

ನಾನು ಯೋಚಿಸ್ತಿದ್ದೆ, ಇಪ್ಪತ್ತೆಂಟರಲ್ಲಿ ಕೊಟ್ಟ ಮಾತು ದೊಡ್ಡದೋ, ಮೂವತ್ತೆಂಟರಲ್ಲಿ ಕೊಟ್ಟದ್ದೋ ಅಂತ. ಮೊದಲನೆಯ ಸಲ ಡೊಳ್ಳಿತ್ತು, ಹಾರವಿತ್ತು, ಮುಂದೆ ಏನು ಕಾದಿದೆ ಅಂತ ಗೊತ್ತಿರಲಿಲ್ಲ. ಎರಡನೆಯ ಸಲ ಎಲ್ಲ ಗೊತ್ತಿತ್ತು, ಮೂರನೇ ಪ್ರಶ್ನೆಗೆ ಮಾತ್ರ ಬಾಯಿ ಬಂತು. ನನಗೆ ಎರಡನೆಯದೇ ಹೆಚ್ಚು ನಂಬಿಕೆ. ಮದುವೆಗೂ, ಕೆಲಸಕ್ಕೂ, ವಯಸ್ಸಾದ ಅಪ್ಪ-ಅಮ್ಮನನ್ನ ನೋಡಿಕೊಳ್ತೀನಿ ಅಂದ ಮಾತಿಗೂ ಇದೇ ಲೆಕ್ಕ ಇರಬೇಕು.

ನಿಮ್ಮ ಪರಿಚಯದಲ್ಲೂ ಎಲ್ಲರಿಗೂ ಧೈರ್ಯ ಹೇಳೋ ಒಬ್ಬರು ಇರ್ತಾರೆ. ಪಾದ್ರಿಯೇ ಆಗಬೇಕಿಲ್ಲ. ಡಾಕ್ಟರ್, ಟೀಚರ್, ಮನೆಯ ದೊಡ್ಡ ಅಕ್ಕ, ಟೀಮಿನ ಲೀಡ್. ಇವತ್ತು ಅವರಿಗೊಂದು ಫೋನ್ ಮಾಡಿ. ನಿಮ್ಮ ಕಷ್ಟ ಹೇಳಬೇಡಿ. ಊಟ ಆಯ್ತಾ ಅಂತ ಕೇಳಿ, ಉತ್ತರ ಬರೋವರೆಗೂ ಫೋನ್ ಇಡಬೇಡಿ.

ಆ ರೆಸ್ಯೂಮೆ ಇನ್ನೂ ನನ್ನ ಲ್ಯಾಪ್‌ಟಾಪ್‌ನಲ್ಲೇ ಇದೆ. ಈಗ ಮೂರು ಪುಟ. ಪ್ರತಿ ವರ್ಷ ಪವಿತ್ರ ವಾರ ಬಂದಾಗ ಅಣ್ಣ ಫೋನ್ ಮಾಡಿ, "ತಂಗಿ, ಅದನ್ನ ಒಂದ್ಸಲ ಕಳಿಸು" ಅಂತಾನೆ. ಓದ್ತಾನೆ. ಒಂದೆರಡು ಸಾಲು ಸೇರಿಸಿ ವಾಪಸ್ ಕಳಿಸ್ತಾನೆ. ಆಮೇಲೆ ಬೆಳಗಾವಿಯ ದಾರಿ ಹಿಡೀತಾನೆ.